ಬ್ರೇಕು ಕೆಟ್ಟು ಬಿದ್ದೆನೋ, ಬಿದ್ದು ಬ್ರೇಕು ಕೆಟ್ಟಿತೋ

ನಾನು ಬೈಕಿನಿಂದ ಬಿದ್ದದ್ದು ನಿಜ. ಅದಕ್ಕೆ ನನ್ನ ಮೊಣಕಾಲೇ ಸಾಕ್ಷಿ. ಆದರೆ ಬೀಳುವುದಕ್ಕೆ ಮುಂಚಿನ ಐದಾರು ಕ್ಷಣಗಳಲ್ಲಿ ಏನಾಯಿತು ಎಂದು ಆಣೆ ಇಟ್ಟು ಹೇಳಿ ಅಂದರೆ ನನ್ನಿಂದಾಗದು. ಮೊದಲ ದಿನ ಕೇಳಿದವರಿಗೆಲ್ಲ ನಾಯಿ ಅಡ್ಡ ಬಂತು ಎಂದೆ. ಎರಡನೆಯ ದಿನ ಆ ನಾಯಿ ಕಂದು ಬಣ್ಣದ್ದಾಯಿತು. ಮೂರನೆಯ ದಿನ ಅದು ಕುಂಟತೊಡಗಿತು. ಆಗ ನನಗೇ ಅನುಮಾನ ಬಂತು: ನಾಯಿ ನಿಜವಾಗಿ ಇತ್ತೇ, ಅಥವಾ ಬಿದ್ದವನ ಮರ್ಯಾದೆ ಉಳಿಸಲು ನನ್ನ ನೆನಪೇ ಅದನ್ನು ಎಲ್ಲಿಂದಲೋ ಹಿಡಿದು ತಂದಿತೇ? ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದರಿಂದ ನನಗಾದ ಪ್ರಯೋಜನ ಇಷ್ಟೇ. ಮೊದಲು ಬೇರೆಯವರ ಮಾತನ್ನು ನಂಬುತ್ತಿರಲಿಲ್ಲ, ಈಗ ನನ್ನದನ್ನೂ ನಂಬುವುದಿಲ್ಲ.

ನಾಯಿಯನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ. ಆಯುಧಪೂಜೆಯ ಮರುದಿನ ಬೆಳಿಗ್ಗೆ ಮೊಸರು ತರಲು ಬೈಕ್ ತೆಗೆದೆ. ವಿದ್ಯಾರಣ್ಯಪುರದ ನಮ್ಮ ರಸ್ತೆ ದಾಟಿ, ಹಿಟ್ಟಿನ ಗಿರಣಿಯ ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದೆ. ಹಿಡಿದೆ ಎಂದು ನನ್ನ ನೆನಪು. ಬೈಕ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಹಿಂದಿನ ದಿನದ ಬಾಳೆಕಂದು, ಚೆಂಡುಹೂವು, ಮಾವಿನ ಸೊಪ್ಪುಗಳ ರಾಶಿಗೆ ನನ್ನನ್ನು ಕೊಂಡೊಯ್ದು ಮಲಗಿಸಿತು. ಗಿರಣಿಯವರು ಓಡಿಬಂದು ಮೊದಲು ಬೈಕನ್ನು ಎತ್ತಿ ನಿಲ್ಲಿಸಿ, "ಗಾಡಿಗೇನೂ ಆಗಿಲ್ಲ ಸಾರ್" ಎಂದು ನನಗೆ ಧೈರ್ಯ ಹೇಳಿದರು. ಆಮೇಲೆ ನನ್ನನ್ನು ಎತ್ತಿದರು. ಆದರೆ ಗಾಡಿಗೆ ಆಗಿತ್ತು. ಬ್ರೇಕಿನ ಹಿಡಿ ಒಳಕ್ಕೆ ಬಾಗಿತ್ತು. ಎಷ್ಟು ಒತ್ತಿದರೂ ಮುಂದಿನ ಚಕ್ರ ನಿಲ್ಲುತ್ತಿರಲಿಲ್ಲ.

ಇಲ್ಲಿಂದ ನನ್ನ ತಲೆ ಓಡತೊಡಗಿತು. ಬ್ರೇಕು ಕೆಟ್ಟಿದ್ದರಿಂದ ನಾನು ಬಿದ್ದೆನೋ, ನಾನು ಬಿದ್ದಿದ್ದರಿಂದ ಬ್ರೇಕು ಕೆಟ್ಟಿತೋ? ಕಾರಣ ಯಾವುದು, ಪರಿಣಾಮ ಯಾವುದು? ನನ್ನ ಮೊದಲ ಸಿದ್ಧಾಂತ ಬೂದುಗುಂಬಳದ್ದು. ಹಬ್ಬದ ದಿನ ದೃಷ್ಟಿ ತೆಗೆದು ರಸ್ತೆಯಲ್ಲಿ ಒಡೆದ ಕುಂಬಳಕಾಯಿಯ ತಿರುಳಿನ ಮೇಲೆ ಚಕ್ರ ಜಾರಿರಬೇಕು. ಪೂಜೆಪುನಸ್ಕಾರ ನಂಬದ ನನಗೆ ಇದು ಬಹಳ ಹಿಡಿಸಿತು. ಕುಂಟುತ್ತಾ ಹೋಗಿ ಸ್ಥಳಪರೀಕ್ಷೆ ಮಾಡಿದೆ. ಕುಂಬಳಕಾಯಿ ಒಡೆದಿತ್ತು, ಆದರೆ ರಸ್ತೆಯ ಆಚೆ ಬದಿಗೆ. ನನಗೂ ಅದಕ್ಕೂ ಹತ್ತು ಹೆಜ್ಜೆ ದೂರ.

ಕುಂಬಳಕಾಯಿ ಕೈಕೊಟ್ಟ ಮೇಲೆ ಉಳಿದವಳು ಮಗಳು. ಮತ್ತಿಕೆರೆಯ ಕಾಲೇಜಿನಲ್ಲಿ ಎರಡನೆಯ ವರ್ಷ ಓದುವ ಅನಘಾ ಲೈಸೆನ್ಸ್ ಮಾಡಿಸಿಕೊಂಡು ಎರಡು ತಿಂಗಳಾಗಿತ್ತು. ಹಬ್ಬಕ್ಕೆ ಮುಂಚಿನ ವಾರವೆಲ್ಲ ಬೈಕ್ ಓಡಿಸಿದವಳು ಅವಳೇ.

"ಗಕ್ಕಂತ ಬ್ರೇಕ್ ಹಿಡಿದೂ ಹಿಡಿದೂ ಸವೆಸಿಬಿಟ್ಟಿದ್ದೀಯ" ಎಂದು ತೀರ್ಪು ಕೊಟ್ಟು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ.

"ಅಪ್ಪಾ, ನಾನು ಓಡಿಸ್ದಾಗ ಚೆನ್ನಾಗೇ ಹಿಡೀತಿತ್ತು."

"ಸಾಕ್ಷಿ?"

"ಬೀಳ್ಲಿಲ್ವಲ್ಲ ನಾನು! ಅದೇ ಸಾಕ್ಷಿ."

ತರ್ಕ ಗಟ್ಟಿಯಾಗಿತ್ತು. ಆದ್ದರಿಂದಲೇ ನನಗೆ ಸಿಟ್ಟು ಬಂತು. ಸೋಮವಾರದಿಂದ ಅವಳಿಗೆ ಬೆಳಿಗ್ಗೆ ಎಂಟೂವರೆಗೆ ಲ್ಯಾಬ್. ಬಸ್ಸಾದರೆ ಎರಡು ಬದಲಿಸಬೇಕು, ತಡವಾದರೆ ಒಳಗೆ ಬಿಡುವುದಿಲ್ಲ. "ತಪ್ಪು ನಂದು ಅಂತ ಮೆಕ್ಯಾನಿಕ್ ಹೇಳ್ಲಿ, ಈ ವರ್ಷ ಪೂರ್ತಿ ಕೀ ಕೇಳಲ್ಲ. ನಂದಲ್ಲ ಅಂದ್ರೆ?" ಎಂದು ಸವಾಲು ಹಾಕಿದಳು. "ಆಗ ಗಾಡಿ ನಿಂದೇ" ಎಂದೆ. ನನ್ನ ಹೆಂಡತಿ ಒಳಗಿನಿಂದ, "ರೀ, ಮಾತು ಕೊಡೋ ಮುಂಚೆ ಒಂಚೂರು ಯೋಚ್ನೆ ಮಾಡಿ" ಎಂದಳು. ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತಿದ್ದಾಳೆ.

ನಮ್ಮ ಬಡಾವಣೆಯ ಪಕ್ಕದ ಸಿಂಗಾಪುರದ ಮೆಕ್ಯಾನಿಕ್ ಕೆಂಪಣ್ಣ, ಆ ಊರು ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯವನು. ಈಗ ತನ್ನ ಹಳೆಯ ಮನೆಯ ಮುಂದೆಯೇ ಬೈಕ್ ರಿಪೇರಿ ಮಾಡುತ್ತಾನೆ. ಹಿಂದಿನ ಬ್ರೇಕನ್ನೇ ನಂಬಿ, ಹೆಚ್ಚುಪಾಲು ತಳ್ಳಿಕೊಂಡು, ಅಪ್ಪ ಮಗಳು ಅಲ್ಲಿಗೆ ಹೋದೆವು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರುಹೊಡೆದಿದ್ದನ್ನೆಲ್ಲ ಅವನ ಮುಂದೆ ಒದರಿದೆ: ಹಿಡಿ ಬಾಗಿದ್ದರಿಂದ ಒತ್ತಡ ಸಾಲುತ್ತಿಲ್ಲ, ಬ್ರೇಕ್ ಆಯಿಲಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಪ್ಯಾಡ್ ಸವೆದಿದೆ. ಕೆಂಪಣ್ಣ ಪೂರ್ತಿ ಕೇಳಿ, "ಎಲ್ಲ ನೀವೇ ಏಳ್ಬುಟ್ರೆ ನಾನ್ ಯಾಕ್ ಸಾ?" ಎಂದು ನಕ್ಕು ಕೆಲಸಕ್ಕೆ ಕೂತ.

ಮೊದಲು ಬಾಗಿದ ಹಿಡಿಯನ್ನು ಬಿಚ್ಚಿ ಹೊಸದನ್ನು ಹಾಕಿದ. ಒತ್ತಿದ. ಗಟ್ಟಿಯಾಗಿತ್ತು. "ಗಾಳಿ ಇಲ್ಲ." ಆಯಿಲ್ ನೋಡಿದ. "ಮಟ್ಟ ಸರ್ಯಾಗೈತೆ." ಪ್ಯಾಡ್ ತೆಗೆದು ದಪ್ಪ ನೋಡಿದ. "ಇನ್ನೂ ಒಂದ್ ವರ್ಸ ಬರೋ ಪ್ಯಾಡು. ಓಡ್ಸಿರೋರು ನಾಜೂಕಾಗಿ ಓಡ್ಸವ್ರೆ." ಅನಘಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಒಳ್ಳೆಯದಿತ್ತು. ಕೊನೆಗೆ ಕೆಂಪಣ್ಣ ಮುಂದಿನ ಚಕ್ರದ ಉಕ್ಕಿನ ಡಿಸ್ಕಿನ ಮೇಲೆ ಬೆರಳಾಡಿಸಿದ. ಬ್ರೇಕ್ ಹಿಡಿದಾಗ ಪ್ಯಾಡುಗಳು ಎರಡೂ ಕಡೆಯಿಂದ ಅಪ್ಪಿ ನಿಲ್ಲಿಸುವುದು ಇದನ್ನೇ. ಬೆರಳನ್ನು ಮೂಗಿಗೆ ಹಿಡಿದ.

"ಸಾ, ಇದ್ಕೆ ಏನ್ ಆಕಿದ್ರಿ?"

"ಪೂಜೆ!" ಎಂದೆ, ಒಂದು ಕ್ಷಣವೂ ತಡಮಾಡದೆ. "ಮನೆಯವ್ರು ಕುಂಕುಮ, ಎಣ್ಣೆ ಏನೋ ಹಚ್ಚಿದ್ದಾರೆ. ನಾನು ಬೇಡ ಅಂತ ಪ್ರತಿ ವರ್ಷ ಹೇಳ್ತೀನಿ."

"ಕುಂಕುಮ ಇಂಗೆ ನಿಂಬೆಅಣ್ಣಿನ್ ವಾಸ್ನೆ ಬರಲ್ಲ ಸಾ. ಇದು ಗಾಡಿ ಪಾಲಿಸ್ ಮಾಡೋ ಸ್ಪ್ರೇ. ಅಬ್ಬ ಆದ್ಮೇಲೆ ಇಂಥ ಗಾಡಿ ನಾಕೈದು ಬತ್ತವೆ. ಜನ ಫಳಫಳ ಒಳೀಲಿ ಅಂತ ಚಕ್ರದ್ ಮ್ಯಾಗೆಲ್ಲ ಒಡೀತಾರೆ. ಡಿಸ್ಕ್ ನುಣ್ಣಗಾದ್ರೆ ಪ್ಯಾಡ್ ಎಲ್ಲಿ ಇಡ್ಕೊಳ್ತದೆ?"

ನಾನು ಪೂಜೆ ಮಾಡುವುದಿಲ್ಲ. ಆದರೆ ನಿಂಬೆಹಣ್ಣು, ಹಾರ ಹೆಂಡತಿಯ ಪಾಲು, ತೊಳೆದು ಹೊಳೆಸುವುದು ನನ್ನ ಪಾಲು ಎಂದು ನಮ್ಮಲ್ಲಿ ಒಪ್ಪಂದವಿದೆ. ಸ್ವಚ್ಛತೆ ವೈಜ್ಞಾನಿಕ ಎಂಬುದು ನನ್ನ ವಾದ. ಆದರೂ ಸ್ಪ್ರೇ ಹೊಡೆದದ್ದು ಟ್ಯಾಂಕಿಗೆ ಮಾತ್ರ ಎಂದು ನನಗೆ ಸ್ಪಷ್ಟವಾಗಿ ನೆನಪಿತ್ತು. ಹಾಗೆಂದು ಕೆಂಪಣ್ಣನಿಗೂ ಹೇಳಿದೆ. ಅನಘಾ ಮೊಬೈಲ್ ತೆಗೆದು ಹಬ್ಬದ ದಿನದ ಫೋಟೋ ತೋರಿಸಿದಳು. ಹಿಂದೆ ಅವಳ ಅಮ್ಮ ಹಾರ ಕಟ್ಟುತ್ತಿದ್ದಾಳೆ. ಮುಂದೆ ನಾನು ಕುಕ್ಕರುಗಾಲಲ್ಲಿ ಕೂತು ಮುಂದಿನ ಡಿಸ್ಕಿಗೆ ಸ್ಪ್ರೇ ಹೊಡೆಯುತ್ತಿದ್ದೇನೆ. ಮುಖದಲ್ಲಿ ಯಾವ ಪೂಜಾರಿಯಲ್ಲೂ ಕಾಣದ ಭಕ್ತಿ.

"ಒಳ್ಳೇ ಫೋಟೋ ಸಾ. ಕಟ್ಟಾಕಿಸ್ಕಳಿ" ಎಂದ ಕೆಂಪಣ್ಣ. ಡಿಸ್ಕನ್ನು ಥಿನ್ನರಿನಲ್ಲಿ ಉಜ್ಜಿ, ಎಣ್ಣೆ ಕುಡಿದಿದ್ದ ಪ್ಯಾಡುಗಳನ್ನು ಬದಲಿಸಿದ. ನಾನು ಬೀಗದ ಕೈಯನ್ನು ಮಗಳಿಗೆ ಕೊಟ್ಟೆ. ಹಿಂದಿನ ಸೀಟಿನಲ್ಲಿ ಮನೆಗೆ ಬಂದೆ. ಹಿಟ್ಟಿನ ಗಿರಣಿಯ ತಿರುವಿನಲ್ಲಿ ಅವಳು ಎಷ್ಟು ನಯವಾಗಿ ಬ್ರೇಕ್ ಹಿಡಿದಳೆಂದರೆ ಗಿರಣಿಯವರು ಕೈಮುಗಿದರು. ಅವಳಿಗೆ, ನನಗಲ್ಲ.

ನನಗೆ ಸಮಾಧಾನವಾಗಲಿಲ್ಲ. ತಪ್ಪು ನನ್ನದೇ ಇರಬಹುದು, ಆದರೆ ಗೊತ್ತಿಲ್ಲದೆ ಆದ ತಪ್ಪಲ್ಲವೇ? ಇಂಥ ಅಪಾಯದ ವಸ್ತು ಮಾರುವವರು ಒಂದು ಎಚ್ಚರಿಕೆಯನ್ನಾದರೂ ಬರೆಯಬಾರದೇ? ಅದನ್ನು ಖಾತ್ರಿ ಮಾಡಿಕೊಳ್ಳಲು ಕನ್ನಡಕ ಹಾಕಿಕೊಂಡು ಸ್ಪ್ರೇ ಡಬ್ಬಿಯನ್ನು ತಿರುಗಿಸಿ ನೋಡಿದೆ. ಬರೆದಿದ್ದರು, ಅದೂ ಕೆಂಪಕ್ಷರದಲ್ಲಿ: ಬ್ರೇಕಿನ ಭಾಗಗಳಿಗೆ ತಾಗಬಾರದು. ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಎರಡೆರಡು ಬಾರಿ ಎಳೆದ ಗೆರೆ ಇತ್ತು. ಮಾತ್ರೆಯ ಚೀಟಿಯಿಂದ ಹಿಡಿದು ಬಿಸ್ಕತ್ತಿನ ಪೊಟ್ಟಣದವರೆಗೆ ಓದಿದ್ದಕ್ಕೆಲ್ಲ ಹಾಗೆ ಅಡಿಗೆರೆ ಎಳೆಯುವವನು ನಮ್ಮ ಮನೆಯಲ್ಲಿ ಒಬ್ಬನೇ.