ಬಳ್ಳಿಯ ಒಪ್ಪಿಗೆಯಿಲ್ಲದೆ ಬಾಗಿಲು ತೆರೆದ ಬಗ್ಗೆ

ಕಾಲೇಜಿನ ಸಸ್ಯಹಕ್ಕು ಸಮಿತಿಯ ಅಧ್ಯಕ್ಷರಾದ ಮಾನ್ಯ ಪ್ರೊಫೆಸರರೇ,

ಬೇರಿನಿಂದ ಚಿಗುರಿನವರೆಗೂ ತುಂಬಿದ ನಮಸ್ಕಾರಗಳು. ಹನ್ನೊಂದು ವರ್ಷಗಳಿಂದ ಇಲ್ಲಿ ತಾತ್ಕಾಲಿಕ ಮಾಲಿಯಾಗಿರುವ ನಾನು, ಜೀವಿಯೊಂದಕ್ಕೆ ಅದರ ಒಪ್ಪಿಗೆಯಿಲ್ಲದೆ ಗಾಯ ಮಾಡಿದೆನೆಂದು ತಾವು ದಯಪಾಲಿಸಿದ ನೋಟಿಸನ್ನು ಎರಡೂ ಕೈಯಲ್ಲಿ ಸ್ವೀಕರಿಸಿ, ಎಲ್ಲರೂ ಓದಲೆಂದು ಈ ಉತ್ತರವನ್ನು ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ.

ಗಿಡಕ್ಕೂ ಮಾನವಿದೆ, ಅದನ್ನು ಕೇಳದೆ ಒಂದೆಲೆಯನ್ನೂ ಕತ್ತರಿಸಕೂಡದು ಎಂದು ಕಳೆದ ವರ್ಷ ತಮ್ಮ ಸಮಿತಿ ತೀರ್ಮಾನಿಸಿದಾಗ ನನ್ನಷ್ಟು ಹಿಗ್ಗಿದವರಿಲ್ಲ. ನನ್ನ ಕತ್ತರಿಯನ್ನು ತಾವು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರಿಂದ ಬೆನ್ನುನೋವೇ ಮಾಯವಾಯಿತು. ಅಷ್ಟರಲ್ಲಿ ಸಭಾಂಗಣದ ಹಿಂಬಾಗಿಲಿಗೆ ಬಳ್ಳಿ ಹಬ್ಬಿ ಹಿಡಿಕೆಯನ್ನೇ ಸುತ್ತಿಕೊಂಡಿತು. ಸವರಲು ಅನುಮತಿ ಕೇಳಿ ಮೂರು ಅರ್ಜಿ ಬರೆದೆ. ಬಳ್ಳಿಯ ಅಭಿಪ್ರಾಯವನ್ನೂ ಲಗತ್ತಿಸಬೇಕೆಂದು ಮೂರನ್ನೂ ಹಿಂದಿರುಗಿಸಿದಿರಿ. ಕೇಳಿಯೂ ನೋಡಿದೆ. ಅದು ದೊಡ್ಡ ಅಧಿಕಾರಿಗಳಂತೆ ಗಾಳಿ ಬಂದತ್ತ ತಲೆಯಾಡಿಸಿತೇ ಹೊರತು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಹೋದ ತಿಂಗಳು ತಾವು ಅದೇ ಸಭಾಂಗಣದಲ್ಲಿ ಹುಲ್ಲಿನ ಘನತೆಯ ಬಗ್ಗೆ ಉಪನ್ಯಾಸ ಕೊಡುತ್ತಿದ್ದಾಗ ಮುಂಬಾಗಿಲ ಬಳಿಯ ವಿದ್ಯುತ್ ಪೆಟ್ಟಿಗೆಗೆ ಬೆಂಕಿ ಹೊತ್ತಿ ಹೊಗೆ ತುಂಬಿತು. ನಲವತ್ತು ಜನ ಹಿಂಬಾಗಿಲಿಗೆ ನುಗ್ಗಿದರು. ಬಳ್ಳಿ ಬಾಗಿಲು ಬಿಡಲಿಲ್ಲ. "ಕೊಯ್ಯೋ, ಬುಡಕ್ಕೇ ಹಾಕೋ!" ಎಂದು ಒಳಗಿನಿಂದ ಕಿರುಚಿದ ಧ್ವನಿ ತಮ್ಮದಲ್ಲವೆಂದು ನೋಟಿಸಿನಲ್ಲಿದೆ. ಇರಬಹುದು, ಹೊಗೆಯಲ್ಲಿ ಧ್ವನಿಯೂ ಸಿದ್ಧಾಂತವೂ ಬದಲಾಗುವುದು ಸಹಜ. ಕ್ಯಾಂಟೀನಿನಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ತರಕಾರಿ ಚಾಕು ಹಿಡಿದು ಓಡಿಬಂದು, "ಕೇಳ್ತಾ ನಿಂತ್ಕೋತೀರೋ, ಕೊಯ್ತೀರೋ?" ಎಂದಳು.

"ಬಳ್ಳಿ ಇನ್ನೂ ಏನೂ ಹೇಳ್ಲಿಲ್ಲ ಕಣೇ," ಎಂದೆ.

"ನಾನು ಹೇಳ್ತಿದೀನಲ್ಲ!"

ಕೊಯ್ದೆ. ಎಲ್ಲರಿಗಿಂತ ಮೊದಲು ತಾವು, ಎಲ್ಲರಿಗಿಂತ ಕೊನೆಗೆ ಏಳು ತಿಂಗಳ ಬಸುರಿ ಗ್ರಂಥಪಾಲಕಿ ಹೊರಬಂದರು. ಆಕೆ ಕೆಮ್ಮುತ್ತ ಹುಲ್ಲಿನ ಮೇಲೆ ಕುಸಿದು ಕುಳಿತರು. ಹುಲ್ಲನ್ನು ಕೇಳದೆ ಕುಳಿತದ್ದಕ್ಕೆ ಅವರಿಗೂ ನೋಟಿಸು ಹೋಗಿದೆಯೋ ತಿಳಿಯದು.

ಆ ಬಳ್ಳಿಯನ್ನು ನೆಟ್ಟವನು ನಾನೇ ಎಂಬುದು ತಮ್ಮ ಕಡತದಲ್ಲಿಲ್ಲ. ನಲ್ಲಿ ಕೆಟ್ಟ ಎರಡು ಬೇಸಿಗೆ, ರಜೆಯಲ್ಲೂ ಬಂದು, ಬಕೆಟ್ಟಿನಲ್ಲಿ ನೀರು ಹೊತ್ತು ಉಳಿಸಿದೆ. ಕೊಯ್ದ ದಿನ ಅದರ ಹಾಲು ಕೈಗೆ ಮೆತ್ತಿತ್ತು, ಊಟ ಸೇರಲಿಲ್ಲ. ಬಳ್ಳಿಗೆ ನೋವಾಯಿತೇ ಎಂಬುದನ್ನು ತಾವು ಚರ್ಚಿಸಿ ತಿಳಿಸಿ, ನನಗಂತೂ ಆಯಿತು. ಈಗ ಬುಡದಲ್ಲಿ ಎರಡು ಚಿಗುರು ಬಂದಿವೆ. ದೂರು ಕೊಟ್ಟವರಲ್ಲಿ ಬಳ್ಳಿಯಂತೂ ಇಲ್ಲ.

ಆದ್ದರಿಂದ ಕೆಲಸದಿಂದ ತೆಗೆಯುವ ಮುನ್ನ ನನ್ನನ್ನೂ ಸಸ್ಯವರ್ಗಕ್ಕೆ ಸೇರಿಸಬೇಕೆಂದು ವಿನಂತಿ. ಹನ್ನೊಂದು ವರ್ಷ ಒಂದೇ ಕಡೆ ನಿಂತು ಬಿಸಿಲು ಕುಡಿದಿದ್ದೇನೆ, ಬಡ್ತಿ ಕೇಳಿಲ್ಲ, ಎದುರು ಮಾತಾಡಿಲ್ಲ. ಸೇರಿಸಿದರೆ ನನ್ನ ಒಪ್ಪಿಗೆಯಿಲ್ಲದೆ ಬುಡಸಮೇತ ಕಿತ್ತುಹಾಕಲು ತಮಗೂ ಬರುವುದಿಲ್ಲ.

ಕಿತ್ತರೂ ಕೀಳದಿದ್ದರೂ ತಮ್ಮ ವಿಶ್ವಾಸಿ,
ತೋಟದ ಮಾಲಿ

ಮರೆತ ಮಾತು: ತಮ್ಮ ಕೊಠಡಿಯ ಮೂಲೆಯ ಗಿಡವು ಸಮಿತಿಯ ಚರ್ಚೆಗಳನ್ನು ಕೇಳಿ ಕೇಳಿ ವರ್ಷವಿಡೀ ಬಾಡದೆ ನಳನಳಿಸುತ್ತಿದೆಯೆಂದು ವಾರ್ಷಿಕ ವರದಿಯಲ್ಲಿ ಬರೆದಿದ್ದೀರಿ. ಪ್ರತಿ ಸೋಮವಾರ ಅದರ ಧೂಳು ಒರೆಸುವವನು ನಾನು. ಅದು ಪ್ಲಾಸ್ಟಿಕ್ಕಿನದು.