ಹಲ್ಲಿ ಒಪ್ಪಿದ ಭಾಷೆ

ಗುಂಡ್ಲುಪೇಟೆಯ ಗುರುಮಲ್ಲಯ್ಯ ಮೇಷ್ಟ್ರಿಗೆ ಮಕ್ಕಳಿಗೆ ನೆಟ್ಟಗೆ ಮಗ್ಗಿ ಕಲಿಸಲು ಬರುತ್ತಿರಲಿಲ್ಲ. ಆದ್ದರಿಂದ ಅವರು ಲೋಕಕ್ಕೇ ಒಂದು ಹೊಸ ಭಾಷೆ ಕಟ್ಟಿದರು.

"ನಮ್ಮ ಜನರ ಮಾತಿಗೆ ಕಾಲವೇ ಇಲ್ಲ" ಎಂಬುದು ಅವರ ದೂರು. "'ಬಂದೆ' ಅಂದವನು ಗಂಟೆಯಾದರೂ ಬರೋದಿಲ್ಲ. 'ಆಯ್ತು' ಅಂದ ಕೆಲಸ ಶುರುವೇ ಆಗಿರೋದಿಲ್ಲ!" ಅದಕ್ಕೇ ಮೂರು ವರ್ಷ ಕೂತು, ಕನ್ನಡದ ಮಾತುಗಳನ್ನೇ ಕದ್ದು, ಕತ್ತೆಗೆ ನವಿಲುಗರಿ ಕಟ್ಟಿದಂತೆ ಬಾಲ ಅಂಟಿಸಿದ್ದರು. ಆಗಿ ಮುಗಿದದ್ದಕ್ಕೆ ಲಂ, ಆಗುತ್ತಿರುವುದಕ್ಕೆ ಲಿಂ, ಮುಂದೆ ಆಗುವುದಕ್ಕೆ ಲುಂ, ಹೀಗಾದರೆ ಹಾಗಾದೀತು ಎಂಬುದಕ್ಕೆ ಲೋಂ. ಎಲ್ಲ ಸೇರಿ ನಾಲ್ಕು ದಪ್ಪ ನೋಟ್‌ಬುಕ್ಕು. ನಕಲು ಇಲ್ಲ.

ಅದನ್ನು ಅಚ್ಚು ಹಾಕಿಸಲು ಮರದ ಕಂಟ್ರಾಕ್ಟರ್ ಮರಿಯಪ್ಪ ಒಪ್ಪಿದ್ದ. ಭಾನುವಾರ ಬೆಳಿಗ್ಗೆ ಲಾರಿ ಹತ್ತುತ್ತ ಷರತ್ತು ಹೇಳಿದ:

"ಮೇಷ್ಟ್ರೇ, ನಾನು ಗೋಪಾಲಸ್ವಾಮಿ ಬೆಟ್ಟದ ತಪ್ಪಲಿಂದ ಮರ ತಕ್ಕಂಡು ಬರೋವೊತ್ಗೆ ನಮ್ಮನೇಲಿ ಯಾರಾರ ಒಬ್ರು ನಿಮ್ ಬಾಸೇಲಿ ಒಂದ್ ಮಾತು ತಪ್ಪಿಲ್ದಂಗೆ ಆಡ್ಬೇಕು. ಆಡುದ್ರೆ ನಾಳೇನೇ ಚಾಮರಾಜನಗರದ ಅಚ್ಚುಕೂಟಕ್ಕೆ ಕಳಿಸ್ತೀನಿ."

ಜಗಲಿಯಲ್ಲಿ ಪಾಠ ಶುರುವಾಯಿತು. ಮರಿಯಪ್ಪನ ತಾಯಿ ಮೂಗಮ್ಮ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಹೆಂಡತಿ ಶಾಂತಮಲ್ಲಮ್ಮ ಆಕಳಿಸುತ್ತಿದ್ದಳು. ಜಗಲಿಯ ಮೂಲೆಯಲ್ಲಿ ಮಿಷನ್ ಇಟ್ಟುಕೊಂಡಿದ್ದ ದರ್ಜಿ ಮಹಬೂಬ್ ಕರೆಯದೆಯೇ ಕಲಿಯಲು ಕೂತು, ಅಂಗಿಯ ತೋಳನ್ನು ತಲೆಕೆಳಗಾಗಿ ಹೊಲಿದು ಮೇಷ್ಟ್ರನ್ನು ಬೈದ. ಮಧ್ಯಾಹ್ನದವರೆಗೆ ಮೂರು ಬಾಲ ಯಾರ ತಲೆಗೂ ಹತ್ತಲಿಲ್ಲ.

ಕೊನೆಗೆ ಲೋಂ ಬಂತು. ಉದಾಹರಣೆಗೆ ಮೇಷ್ಟ್ರು ಸುತ್ತ ನೋಡಿದರು. ಅಂಗಳದಲ್ಲಿ ಲಾರಿ ಚಕ್ರದ ಗುರುತು ಕಂಡಿತು.

"ಲಾರಿ ಕೆಡಲೋಂ, ಮರಿಯ ನಡೆಲೋಂ. ಅಂದರೆ, ಲಾರಿ ಕೆಟ್ಟರೆ ಮರಿಯಪ್ಪ ನಡೆದು ಬರಬೇಕಾಗುತ್ತದೆ."

ಗೋಡೆಯ ಮೇಲಿನ ಹಲ್ಲಿ ಲೊಚಲೊಚ ಎಂದಿತು.

ಮೂಗಮ್ಮನ ಕೈಯಿಂದ ಮೊರ ಬಿತ್ತು. "ಅಯ್ಯೋ, ನಿಮ್ ಬಾಯ್ಗೆ ಮಣ್ಣಾಕ! ಅನ್ನ ಕೊಡೋ ಲಾರಿ ಕೆಡ್ಲಿ ಅಂದ್ಬುಟ್ರಲ್ಲಾ!"

"ಕೆಡಲಿ ಅನ್ನಲಿಲ್ಲ ಅಜ್ಜಿ, ಕೆಟ್ಟರೆ ಅಂದೆ. ಬರೀ ಊಹೆ."

"ನಿಮ್ ಊಹೆ ಗೀಹೆ ಹಲ್ಲೀಗೇನ್ ಗೊತ್ತು? ಅದು ಅಸ್ತು ಅಂದ್ಬುಡ್ತು!"

"ಒಳ್ಳೇದೊಂದು ಹೇಳ್ಬುಡಿ ಮೇಷ್ಟ್ರೇ, ಸರಿಹೋಯ್ತದೆ" ಎಂದ ಮಹಬೂಬ್.

"ಮಳೆ ಬರಲೋಂ, ಕೆರೆ ತುಂಬಲೋಂ."

ಹಲ್ಲಿ ಮತ್ತೆ ಲೊಚಗುಟ್ಟಿತು. ಅರ್ಧ ಗಂಟೆಯಲ್ಲಿ ಆಕಾಶಕ್ಕೆ ಕತ್ತರಿ ಹಾಕಿದಂತೆ ಮಳೆ ಸುರಿಯಿತು. ಅಂಗಳದಲ್ಲಿ ಹರವಿದ್ದ ಮೆಣಸಿನಕಾಯಿ ಚರಂಡಿ ಸೇರಿತು. ಸೌದೆ ರಾಶಿ ತೊಯ್ದು ತೊಪ್ಪೆಯಾಯಿತು. ಮೆಣಸಿನಕಾಯಿ ಕಳೆದುಕೊಂಡ ಬೀದಿಯ ಹೆಂಗಸರೆಲ್ಲ ಸೆರಗು ಬಿಗಿದು ಬಂದರು.

"ಇದು ಬಾಸೆ ಅಲ್ಲ ಕಣಮ್ಮಿ, ಮಾಟ! ಲಂ ಲಿಂ ಅಂತರಂತಲ್ಲ!"

"ನಾನು ಮೊದ್ಲೇ ಬ್ಯಾಡ ಅಂದೆ ಕಣಮ್ಮಾ" ಎಂದ ಮಹಬೂಬ್, ನಾಚಿಕೆಯಿಲ್ಲದೆ.

ಮೂಗಮ್ಮ ಮಾತ್ರ ಕಿರುಚಲಿಲ್ಲ. ನೋಟ್‌ಬುಕ್ಕುಗಳನ್ನೇ ನೋಡುತ್ತ ತುಟಿ ಆಡಿಸುತ್ತಿದ್ದಳು. "ಎರಚಲು ಬೀಳ್ತಾ ಅದೆ ಮೇಷ್ಟ್ರೇ, ಒಳಗೆ ಮಡಗ್ತೀನಿ" ಎಂದು ನಾಲ್ಕನ್ನೂ ಎತ್ತಿಕೊಂಡು ಹೋದಳು. ವಿದ್ಯೆಯ ಬೆಲೆ ಬಲ್ಲವಳು ಈ ಮನೆಯಲ್ಲಿ ಇವಳೊಬ್ಬಳೇ ಎಂದು ಮೇಷ್ಟ್ರ ಕಣ್ಣು ಒದ್ದೆಯಾಯಿತು.

ಸಂಜೆ ಮರಿಯಪ್ಪ ಬಂದ. ನಡೆದು ಬಂದ. ಮಂಡಿವರೆಗೆ ಕೆಸರು, ಮೈಯೆಲ್ಲ ನೀರು.

"ಲಾರಿ ಆಕ್ಸಲ್ಲು ಮುರ್ದೋಯ್ತು. ಆರು ಮೈಲಿ ನಡ್ದೆ. ಯಾರ್ ಕಲ್ತ್ರಿ ಬಾಸೆಯ?"

ಬೀದಿಗೆ ಬೀದಿಯೇ ಕೋಳಿಕಳ್ಳನನ್ನು ನೋಡುವಂತೆ ಮೇಷ್ಟ್ರನ್ನು ನೋಡಿತು. ಮೂರು ವರ್ಷದ ದುಡಿಮೆ ಮುಗಿಯಿತೆಂದು ಮೇಷ್ಟ್ರು ಚಪ್ಪಲಿ ಹುಡುಕಿದರು. ಆಗ ಮೂಗಮ್ಮ ಬಾಗಿಲಿಗೆ ಬಂದು, ಸೊಂಟಕ್ಕೆ ಕೈಯಿಟ್ಟು, ಸ್ಪಷ್ಟವಾಗಿ ಹೇಳಿದಳು:

"ಪುಸ್ತಕ ಉರಿಲೋಂ, ನೀರು ಕಾಯಲೋಂ."

"ಸರಿ! ಒಂದಕ್ಷರ ತಪ್ಪಿಲ್ಲ!" ಮೇಷ್ಟ್ರು ಕುಣಿದೇಬಿಟ್ಟರು. ಹಲ್ಲಿ ಲೊಚಗುಟ್ಟಿತು. ಸಂತೋಷದಲ್ಲಿ ಅದಕ್ಕೂ ಕೈಮುಗಿದರು.

"ಆಡಿದ್ ಮಾತು ಆಡಿದ್ದೇ" ಎಂದ ಮರಿಯಪ್ಪ. "ನಾಳೆ ಅಚ್ಚಿಗೆ ಕಳಿಸ್ತೀನಿ. ಪುಸ್ತಕ ತನ್ನಿ."

ಅಷ್ಟರಲ್ಲಿ ಬಚ್ಚಲಿಂದ ಶಾಂತಮಲ್ಲಮ್ಮನ ದನಿ ಬಂತು: "ಬನ್ನಿ, ನೀರು ಕಾದದೆ."

"ಸೌದೆಯೆಲ್ಲ ನೆಂದೋಗದಲ್ಲಮ್ಮಿ, ಅದೇನಾಕಿ ಕಾಯಿಸ್ದೆ?" ಎಂದ ಮರಿಯಪ್ಪ.

ಮೂಗಮ್ಮ ಮೇಷ್ಟ್ರ ಕಡೆ ತಿರುಗಿ, ಜೋಪಾನವಾಗಿ ಬಾಲ ಬದಲಿಸಿದಳು:

"ಪುಸ್ತಕ ಉರಿಲಂ. ನೀರು ಕಾಯಲಂ. ಆಗಿ ಮುಗಿದದ್ದಕ್ಕೆ ಲಂ ಅಲ್ವಾ, ಮೇಷ್ಟ್ರೇ?"

ಮೇಷ್ಟ್ರು ತಪ್ಪು ಹುಡುಕಿದರು. ಸಿಗಲಿಲ್ಲ.