ಒ.ಟಿ.ಪಿ.ಗೂ ಅರ್ಜಿ ಕೇಳುವ ಭಾವ

೧೯೯೧ರಲ್ಲಿ, ಎಂಟನೇ ಕ್ಲಾಸಿನ ನಡುವೆ, ನಾನು ಶಾಲೆ ಬಿಟ್ಟೆ. ಅಪ್ಪ ತೀರಿಕೊಂಡಿದ್ದರು. ಬಂಟ್ವಾಳ ಪೇಟೆಯ ಒಂದು ಬೇಕರಿಯಲ್ಲಿ ಮೈದಾ ನಾದುವ ಕೆಲಸ ಸಿಕ್ಕಿತು, ಹೋದೆ. ಇವತ್ತು ಬಂಟ್ವಾಳದಲ್ಲಿ ನನ್ನದೇ ಬೇಕರಿ ಇದೆ. ಬೆಳ್ತಂಗಡಿಯಲ್ಲಿ, ಮೂಡುಬಿದಿರೆಯಲ್ಲಿ ಅಂಗಡಿಗಳಿವೆ. ಇದನ್ನೆಲ್ಲ ಕಟ್ಟಿದ್ದು ನನ್ನ ಈ ಎರಡು ಕೈಗಳು ಎಂದು ಸಿಕ್ಕವರಿಗೆಲ್ಲ ಹೇಳುತ್ತೇನೆ. ಆದರೆ ಲೈಸೆನ್ಸ್ ಇಲ್ಲವೆಂದು ಒಂದು ದಿನವೂ ಬಾಗಿಲು ಹಾಕದೆ ಉಳಿದದ್ದು ನನ್ನ ಭಾವನಿಂದ. ಅವರಷ್ಟು ಕಾನೂನು ಪಾಲಿಸುವ ಇನ್ನೊಬ್ಬ ಮನುಷ್ಯ ಎಲ್ಲಾದರೂ ಇದ್ದರೆ ದಯವಿಟ್ಟು ಅಲ್ಲೇ ಇಟ್ಟುಕೊಳ್ಳಿ. ಇಬ್ಬರನ್ನು ನಮ್ಮ ಜಿಲ್ಲೆ ತಾಳಲಾರದು!

ಭಾವ ಎಂದರೆ ನನ್ನ ಅಕ್ಕನ ಗಂಡ. ಸರ್ಕಾರಿ ಕಚೇರಿಯ ಎದುರು ಮೇಜು ಹಾಕಿಕೊಂಡು ಮೂವತ್ತು ವರ್ಷ ಜನರಿಗೆ ಅರ್ಜಿ ಬರೆದುಕೊಟ್ಟವರು. ಆ ಅಭ್ಯಾಸ ಊಟದ ಎಲೆಯವರೆಗೂ ಬಂದಿದೆ. ಇನ್ನೊಂದು ದೋಸೆ ಬೇಕಾದರೂ ಅಕ್ಕನಿಗೆ ಹೇಳುವುದು ಹೀಗೆ: "ವಿಷಯ, ದೋಸೆ. ಉಲ್ಲೇಖ, ಮೊದಲು ಕೊಟ್ಟದ್ದು ಸೀದಿತ್ತು."

ಬೇಕರಿ ಶುರುವಾದ ದಿನದಿಂದ ಕಾಗದಪತ್ರದ ಕೆಲಸ ಅವರದೇ. ಲೈಸೆನ್ಸ್ ಕಾಣುವ ಹಾಗೆ ತೂಗುಹಾಕಬೇಕು ತಾನೆ? ಭಾವ ಮೊದಲು ಗೋಡೆಯ ಮೇಲೆ ಹಳೆಯ ನೆರೆಯ ನೀರು ಬಂದ ಗುರುತು ಹುಡುಕಿದರು. ಅದಕ್ಕಿಂತ ಒಂದು ಮೊಳ ಮೇಲೆ ಮೊಳೆ ಹೊಡೆದರು! ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ಕತ್ತು ನೀಡಿ ನೀಡಿ ಸೋತರು.

"ಏನ್ರೀ ಇದು, ಇಷ್ಟು ಮೇಲೆ?"

"ಕಾಣುವ ಹಾಗೆ ಹಾಕಬೇಕು ಅಂತ ರೂಲ್ಸ್ ಉಂಟು ಸಾರ್. ಎತ್ತರ ಎಷ್ಟು ಅಂತ ಬರೆದಿಲ್ಲ. ನಮ್ಮಲ್ಲಿ ಅದನ್ನು ನೇತ್ರಾವತಿಯೇ ಹೇಳುವುದು."

ಪಾಪ, ಅವರು ಬಿಸ್ಕತ್ತಿನ ಡಬ್ಬ ಇಳಿಸುವ ಸ್ಟೂಲು ಹತ್ತಿ ಓದಿದರು. ಎಲ್ಲ ಸರಿ ಇತ್ತು. ಇಳಿಯುವಾಗ ತಲೆಯ ಮೇಲೆ ಜೇಡರ ಬಲೆ ಮಾತ್ರ ಹೆಚ್ಚುವರಿಯಾಗಿ ಬಂತು.

ಇನ್ನು ನವೀಕರಣದ ದಿನಾಂಕಗಳು. ಭಾವ ಅವನ್ನು ಎಲ್ಲಿಯೂ ಬರೆದಿಡುವವರಲ್ಲ. ಸುಗ್ಗಿ ತಿಂಗಳು ಬಂದರೆ ಅಂಗಡಿಯ ಪರವಾನಗಿ. ಮೇ ಕೊನೆಯಲ್ಲಿ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಪತ್ತನಾಜೆಗೆ ಫುಡ್ ಲೈಸೆನ್ಸ್. ಮಳೆ ಸುರಿಯುವ ಆಟಿ ತಿಂಗಳಲ್ಲಿ ತಕ್ಕಡಿಗೆ ತೂಕದ ಇಲಾಖೆಯ ಮುದ್ರೆ. ಮೇಳದವರು ತಡಮಾಡಿದರೂ ಭಾವ ತಡಮಾಡಿದ್ದಿಲ್ಲ.

ಕಾಲ ಬದಲಾಯಿತು, ಎಲ್ಲವೂ ಆನ್‌ಲೈನ್ ಆಯಿತು. ಭಾವ ಹೆದರಿದರೇ? ಇಲ್ಲ! ಸೈಬರ್ ಸೆಂಟರಿಗೆ ಹೋಗಿ ಎಲ್ಲ ಕಡೆಗೂ ತನ್ನ ಗುಂಡಿ ಒತ್ತುವ ಮೊಬೈಲಿನ ನಂಬರನ್ನೇ ಕೊಟ್ಟು ಬಂದರು. ಬಂದ ಒಂದೊಂದು ಒ.ಟಿ.ಪಿ.ಯನ್ನೂ ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಬರೆದಿಟ್ಟರು.

"ಅದು ಹತ್ತು ನಿಮಿಷಕ್ಕೆ ಸತ್ತುಹೋಗ್ತದೆ ಭಾವ!"

"ಸರ್ಕಾರ ಕೊಟ್ಟ ನಂಬರು. ಬಿಸಾಡುವುದಾ?"

ಒಂದು ದಿನ ಯಾರೋ ವಂಚಕ ಫೋನ್ ಮಾಡಿ, ಬ್ಯಾಂಕಿನಿಂದ ಎಂದು ಹೇಳಿ ಒ.ಟಿ.ಪಿ. ಕೇಳಿದನಂತೆ. ಭಾವ ಅವನಿಗೆ, "ಅರ್ಜಿ ಬರೆದು, ಸಹಿ ಹಾಕಿ, ಸೀಲು ಒತ್ತಿ ಕಳಿಸಿ. ಏಳು ದಿನದಲ್ಲಿ ಉತ್ತರ ಕೊಡ್ತೇನೆ" ಎಂದರು. ಆ ಮಹಾನುಭಾವ ಮತ್ತೆ ಫೋನ್ ಮಾಡಲಿಲ್ಲ.

ಆದರೆ ನನಗೂ ಛಲ ಉಂಟಲ್ಲ! ಎಂಟನೇ ಕ್ಲಾಸಿಗೆ ಬಿಟ್ಟವನಾದರೇನು, ನನ್ನ ವ್ಯಾಪಾರವನ್ನು ನಾನೇ ಆಧುನಿಕ ಮಾಡುತ್ತೇನೆಂದು ಹೊರಟೆ. ಮೂರೂ ಕಡೆ ಸ್ಟೂಲು ಹತ್ತಿ, ಲೈಸೆನ್ಸುಗಳ ಕೊನೆಯ ದಿನಾಂಕಗಳನ್ನೆಲ್ಲ ನೋಡಿ ನನ್ನ ಫೋನಿಗೆ ಹಾಕಿದೆ. ಭಾವ ಕೆಳಗೆ ನಿಂತು ನೋಡಿದರು. "ಒಳ್ಳೆಯದಾಯಿತು. ಇನ್ನು ನನ್ನ ಕಿರಿಕಿರಿ ಇಲ್ಲ ನಿನಗೆ" ಎಂದರು. ಆ ವಾರವೆಲ್ಲ ದೋಸೆಗೆ ವಿಷಯವೂ ಇರಲಿಲ್ಲ, ಉಲ್ಲೇಖವೂ ಇರಲಿಲ್ಲ.

ಆಟಿಯ ಒಂದು ಬೆಳಿಗ್ಗೆ ನಾನು ಬೆಳ್ತಂಗಡಿಯ ಅಂಗಡಿಯಲ್ಲಿದ್ದಾಗ ಫೋನ್ ಕೂಗಿತು. ಆ ಅಂಗಡಿಯ ಫುಡ್ ಲೈಸೆನ್ಸಿಗೆ ಇವತ್ತೇ ಕೊನೆಯ ದಿನ! ನಾಳೆಯಿಂದ ಶಟರ್ ಎಳೆಯಬೇಕು. ಏಳು ಜನರ ಕೆಲಸ ನಿಲ್ಲುತ್ತದೆ. ಭಾನುವಾರದ ಮದುವೆಗೆ ಒಪ್ಪಿಕೊಂಡ ಪಫ್ಸ್ ಯಾರು ಕೊಡುವುದು? ವೆಬ್‌ಸೈಟ್ ತೆರೆದೆ. ಒ.ಟಿ.ಪಿ. ಹೋಯಿತು. ಎಲ್ಲಿಗೆ? ತಕ್ಕಡಿಯ ಮುದ್ರೆಗೆಂದು ಮೂಡುಬಿದಿರೆಗೆ ಹೋಗಿದ್ದ ಭಾವನ ಕಿಸೆಗೆ.

"ಭಾವ, ಒ.ಟಿ.ಪಿ. ಬಂದಿದೆಯಲ್ಲ, ಬೇಗ ಹೇಳಿ!"

"ಯಾರು ಮಾತಾಡುವುದು?"

"ನಾನು! ನಿಮ್ಮ ಹೆಂಡತಿಯ ತಮ್ಮ!"

"ಹಾಗೆ ಯಾರು ಬೇಕಾದರೂ ಹೇಳಬಹುದು. ಅರ್ಜಿ ಕೊಡು." ಫೋನ್ ಕಟ್!

ಆ ಒ.ಟಿ.ಪಿ. ಸತ್ತರೆ ಸಾಯಲಿ, ಇನ್ನೊಂದನ್ನು ಭಾವನ ಎದುರೇ ತರಿಸುತ್ತೇನೆಂದು ಮಳೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಮೂಡುಬಿದಿರೆಗೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ತಕ್ಕಡಿಯನ್ನು ಮಡಿಲಲ್ಲಿಟ್ಟುಕೊಂಡು ಭಾವ ನಮ್ಮದೇ ಅಂಗಡಿಯ ಬನ್ ತಿನ್ನುತ್ತಿದ್ದರು. ಬನ್ನಿನ ಕಾಗದದ ಹಿಂದೆ ಅರ್ಜಿ ಬರೆದು ಚಾಚಿದೆ. ಅವರು ಕನ್ನಡಕ ಹಾಕಿ ಓದಿದರು.

"ಬೆಳ್ತಂಗಡಿಯ ಫುಡ್ ಲೈಸೆನ್ಸಾ? ಅದು ಪತ್ತನಾಜೆಗೇ ಆಗಿದೆ ಮಾರಾಯ! ಹೊಸದು ನನ್ನ ಚೀಲದಲ್ಲಿ ಉಂಟು. ನೀನು ಫೋನಿಗೆ ಹಾಕಿದ್ದು ಗೋಡೆಯ ಹಳೆಯದ್ದು."

"ಅದನ್ನು ಫೋನಿನಲ್ಲೇ ಹೇಳಬಾರದಿತ್ತಾ?"

"ನೀನು ವಿಷಯ ಎಲ್ಲಿ ಹೇಳಿದೆ?"

ಬೈಯಲು ಬಾಯಿ ತೆರೆದೆ, ನಗು ಬಂತು. ಗೋಡೆ ಹಳೆಯದು, ಚೀಲ ಭಾವನದು, ಫೋನ್ ನನ್ನದು; ಒಂದಕ್ಕೊಂದು ಮಾತೇ ಇಲ್ಲದಿದ್ದರೆ ಯಾವ ಕಂಪ್ಯೂಟರ್ ತಾನೆ ಏನು ಮಾಡೀತು? ಮರುದಿನ ಮಧ್ಯಾಹ್ನ ಇಬ್ಬರೂ ಕುಳಿತೆವು. ಒ.ಟಿ.ಪಿ.ಗೆಂದು ಬೇಕರಿಯ ಹೆಸರಿನಲ್ಲೇ ಒಂದು ನಂಬರು. ಹೊಸ ಕಾಗದ ಬಂದ ದಿನವೇ ಅದರ ಸ್ಕ್ಯಾನ್, ಇಬ್ಬರಿಗೂ ಕಾಣುವ ಒಂದೇ ಕಡೆ. ನೆನಪಿನ ಗಂಟೆ ಎರಡು ತಿಂಗಳ ಮೊದಲು ಒಮ್ಮೆ, ಒಂದು ತಿಂಗಳ ಮೊದಲು ಒಮ್ಮೆ, ಒಂದು ವಾರ ಮೊದಲು ಒಮ್ಮೆ. ಗಂಟೆಯ ಮಾತು ಭಾವನದು: "ಪತ್ತನಾಜೆ ಬಂತು, ಎದ್ದೇಳು."

ಒಂದೊಂದೇ ಕಾಗದ ಅವರು ಕೊಟ್ಟರು, ನಾನು ಫೋಟೋ ತೆಗೆದೆ. ಚೀಲದ ತಳದಿಂದ ಕೊನೆಗೊಂದು ಬಂತು, ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದು. ನನ್ನ ಶಾಲೆಯ ಟಿ.ಸಿ.!

ನಾನದನ್ನು ತಂದಿರಲೇ ಇಲ್ಲ. ಬೇಕರಿಯ ಮೊದಲ ಅರ್ಜಿಗೆ ವಯಸ್ಸಿನ ದಾಖಲೆ ಕೇಳಿದಾಗ, ಆ ಶಾಲೆಯ ಮೆಟ್ಟಿಲು ಮತ್ತೆ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದೆ. ಭಾವ ಆಗ ಏನೋ ಮಾಡಿದ್ದರು, ನಾನು ಕೇಳಿರಲಿಲ್ಲ. ಈಗ ಓದಿದೆ. 'ಶಾಲೆ ಬಿಡಲು ಕಾರಣ' ಎಂಬಲ್ಲಿ 'ಸತತ ಗೈರುಹಾಜರಿ' ಎಂದಿತ್ತು. ಅದನ್ನು ಹೊಡೆದುಹಾಕಿ ಮೇಲೆ 'ಮನೆಯ ಜವಾಬ್ದಾರಿ' ಎಂದು ಬರೆದಿತ್ತು. ಪಕ್ಕದಲ್ಲಿ ಹೆಡ್‌ಮಾಸ್ಟರರ ಸಹಿ, ಸೀಲು.

"ಇದು ಹೇಗೆ ಭಾವ?"

"ನಾಲ್ಕು ಸಲ ಹೋದೆ ಮಾರಾಯ. ಕೊನೆಗೆ ತಿದ್ದಿಕೊಟ್ಟರು." ಚೀಲ ಕೊಡವುತ್ತ ಹೇಳಿದರು, "ದಾಖಲೆಯಲ್ಲಿ ಸುಳ್ಳು ಇರಬಾರದಲ್ಲ?"

ಫೋಟೋ ತೆಗೆದೆ.

"ಸೀಲು ಬಿಟ್ಟುಹೋಗಿದೆ," ಎಂದರು ಭಾವ. "ಇನ್ನೊಂದು ತೆಗಿ."

ತೆಗೆದೆ.

ಈಗ ನನ್ನಲ್ಲಿರುವುದು ಒಂದು ಬೇಕರಿ, ಎರಡು ಅಂಗಡಿ, ಇಪ್ಪತ್ತೊಂದು ಜನ ಕೆಲಸದವರು, ಹದಿನಾಲ್ಕು ಲೈಸೆನ್ಸು, ಒಂದು ಟಿ.ಸಿ.